ಗುಟುಕು ಬಿಡಿಸುವ ಬಗೆ

ಗಿಳಿಮರಿಯನ್ನು ಕಣ್ಣು ಬಿಟ್ಟ ಹೊಸತರಲ್ಲಿಯೇ ಗೂಡಿನಿಂದ ತೆಗೆದು, ಬೆಚ್ಚನೆಯ ಗಂಜಿಯನ್ನು ಚಮಚದಿಂದಲೋ ಸಿರಿಂಜಿನಿಂದಲೋ ಉಣಿಸಿ ಮನುಷ್ಯಸ್ನೇಹಿಯಾಗಿ ಬೆಳೆಸುವ ಪದ್ಧತಿಯು ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಬಲಿತು, ಈಗ ಬೆಂಗಳೂರಿನ ಪಕ್ಷಿಸಾಕಣೆಗಾರರವರೆಗೂ ಹಬ್ಬಿದೆ. ದೇಶೀಯ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧವಾದುದರಿಂದ, ಇಲ್ಲಿ ಈ ಉಪಚಾರಕ್ಕೆ ಒಳಗಾಗುವವು ಕಾಕಟೀಲ್, ಆಫ್ರಿಕನ್ ಗ್ರೇ, ಮಕಾವ್ ಮೊದಲಾದ ಪರದೇಶದ ಜಾತಿಗಳು. ಪದ್ಧತಿಯ ಗುಣದೋಷಗಳು ನಿಚ್ಚಳವಾಗಿ ಹೊರಬೀಳುವುದು ಮರಿಯನ್ನು ಗಂಜಿಯಿಂದ ಕಾಳುಹಣ್ಣುಗಳ ಕಡೆಗೆ ತಿರುಗಿಸುವ ಸಂಧಿಕಾಲದಲ್ಲಿ.

ಉಣಿಸುವ ಕಲೆಯಲ್ಲಿ ಸಾಕಣೆಗಾರರು ಸಾಧಿಸಿರುವ ಸೂಕ್ಷ್ಮತೆಯು ಶ್ಲಾಘ್ಯವೇ ಸರಿ. ಗಂಜಿಯ ಉಷ್ಣವು 39ರಿಂದ 41 ಡಿಗ್ರಿ ಸೆಲ್ಸಿಯಸ್‌ನಷ್ಟಿರಬೇಕೆಂದೂ, ತಣ್ಣಗಾದರೆ ಅದು ಮೇವುಚೀಲದಲ್ಲಿಯೇ ನಿಂತು ಹುಳಿಯುವುದೆಂದೂ, ಹೆಚ್ಚು ಬಿಸಿಯಾದರೆ ಆ ಚೀಲದ ಗೋಡೆಯೇ ಸುಡುವುದೆಂದೂ ಅವರು ಬಲ್ಲರು. ಇಂತಹ ನುರಿತ ಕೈಯೇ ಗುಟುಕು ಬಿಡಿಸುವ ಹೊತ್ತಿಗೆ ಒರಟಾಗುವುದು ವಿಪರ್ಯಾಸ. ಕಾಕಟೀಲಿಗೆ ಇಷ್ಟು ವಾರ, ಮಕಾವಿಗೆ ಇಷ್ಟು ತಿಂಗಳು ಎಂದು ಗಡುವು ಕಟ್ಟಿ, ಮೊದಲು ಮಧ್ಯಾಹ್ನದ, ಅನಂತರ ಬೆಳಗಿನ, ಕಡೆಗೆ ರಾತ್ರಿಯ ಉಣಿಸನ್ನು ಕತ್ತರಿಸಿ, ಹಸಿವೆಯೇ ಗುರುವಾಗಲೆಂದು ತಟ್ಟೆಯ ಮುಂದೆ ಮರಿಯನ್ನು ಕೂರಿಸುವ ಕ್ರಮಕ್ಕೆ ಮೂಲಕಾರಣ ಮಾರುಕಟ್ಟೆ: ತಾನೇ ತಿನ್ನುವ ಹಕ್ಕಿ ಬೇಗ ಬಿಕರಿಯಾಗುತ್ತದೆ, ಪಂಜರ ತೆರವಾಗುತ್ತದೆ.

ಈ ಕ್ರಮದ ಸಮರ್ಥಕರು ಹೇಳುವುದರಲ್ಲಿ ಅರ್ಧಸತ್ಯವುಂಟು. ಹಾರಾಟಕ್ಕೆ ಸಿದ್ಧವಾದ ಮರಿಯು ತಾನಾಗಿಯೇ ಚಮಚವನ್ನು ತಳ್ಳಿ, ತನ್ನ ಗರಿಷ್ಠ ತೂಕದ ಹತ್ತರಲ್ಲೊಂದು ಪಾಲಿನಷ್ಟನ್ನು ಕಳೆದುಕೊಳ್ಳುವುದು ಸಹಜ. ಆದರೆ ಸಹಜವಾಗಿ ಇಳಿದ ತೂಕವನ್ನೂ ಉಪವಾಸದಿಂದ ಇಳಿದ ತೂಕವನ್ನೂ ತಕ್ಕಡಿಯೊಂದೇ ಬೇರ್ಪಡಿಸಿ ತೋರಿಸಲಾರದು. ಆ ಭೇದವನ್ನು ತೋರಿಸುವವು ಸಂಜೆಯ ಹೊತ್ತಿಗೂ ಚಪ್ಪಟೆಯಾಗಿಯೇ ಉಳಿದ ಮೇವುಚೀಲ, ಬಾಗಿದ ರೆಕ್ಕೆ, ಕಂಡಕಂಡವರತ್ತ ತಲೆಯನ್ನು ಒತ್ತೊತ್ತಿ ಕುಣಿಸುತ್ತ ಮಾಡುವ ಎಡೆಬಿಡದ ಮೊರೆ.

ನಿಸರ್ಗದ ಕ್ರಮವಾದರೋ ಈ ಗಡುವಿನ ಕ್ರಮಕ್ಕೆ ತಲೆಕೆಳಗು: ಮರಿಯು ಮೊದಲು ಹಾರುತ್ತದೆ, ಹಾರಿದ ಮೇಲೂ ತಾಯಿತಂದೆಗಳು ವಾರಗಟ್ಟಲೆ, ದೊಡ್ಡ ಜಾತಿಗಳಲ್ಲಿ ತಿಂಗಳುಗಟ್ಟಲೆ, ಗುಟುಕು ಕೊಡುತ್ತಲೇ ಇರುತ್ತವೆ. ಕ್ಯಾಲಿಫೋರ್ನಿಯಾದ ಪಕ್ಷಿಸಾಕಣೆಗಾರ್ತಿ ಫೀಬಿ ಗ್ರೀನ್ ಲಿಂಡೆನ್ ಪ್ರಚುರಪಡಿಸಿದ, ಹಸಿವೆಗೆ ದೂಡದೆ ಧಾರಾಳವಾಗಿ ಉಣಿಸುತ್ತಲೇ ಗುಟುಕು ಬಿಡಿಸುವ ಸಮೃದ್ಧಿಯ ಕ್ರಮವು ಈ ಪಾಠವನ್ನು ಅಂಗೀಕರಿಸುತ್ತದೆ. ಬೆಚ್ಚಗೆ ಬೇಯಿಸಿದ ಜೋಳ, ಗೆಣಸು, ನೆನೆಸಿದ ಕಾಳುಗಳನ್ನು ಬೆರಳತುದಿಯಲ್ಲಿ ಹಿಡಿದಾಗ ಮರಿಯು ಮೊದಮೊದಲು ಅವನ್ನು ನಾಲಗೆಯಿಂದ ಹೊರಳಿಸಿ, ಕೊಕ್ಕಿನಲ್ಲಿ ಹಿಸುಕಿ, ರಸವನ್ನಷ್ಟೇ ಹೀರಿ, ಉಳಿದುದನ್ನು ಎದೆಯ ಪುಕ್ಕಗಳ ಮೇಲೆ ಮೆತ್ತಿಕೊಳ್ಳುತ್ತದೆ. ಈ ಹಿಸುಕಾಟವೇ ಕಲಿಕೆಯೆಂದು ತಿಳಿದು, ರಾತ್ರಿಯ ಗಂಜಿಯನ್ನು ಮರಿಯು ಬೇಡುತ್ತಿರುವವರೆಗೂ ನಿರಾಕರಿಸದಿರುವುದು ಇದರ ತಿರುಳು. ಸೋತ ಮರಿಯು ಮತ್ತೆ ಕೆಲದಿನ ಚಮಚಕ್ಕೆ ಮರಳಿದರೆ ಅದನ್ನು ಹಿನ್ನಡೆಯೆಂದು ಭಾವಿಸದಿರುವ ಔದಾರ್ಯವೂ ಇದರಲ್ಲಿದೆ.

ಇದೂ ನಿರ್ದೋಷವಲ್ಲ. ನಮ್ಮ ಬೇಸಗೆಯಲ್ಲಿ ಒದ್ದೆ ಆಹಾರವು ಕೆಲವೇ ಗಂಟೆಗಳಲ್ಲಿ ಕೆಟ್ಟು ವಿಷವಾಗಬಲ್ಲುದು. ಪ್ರತಿದಿನ ಬೆಳಗ್ಗೆ ಬರಿಹೊಟ್ಟೆಯ ತೂಕವನ್ನು ಗ್ರಾಂ ಲೆಕ್ಕದಲ್ಲಿ ಬರೆದಿಡದವನ ಕೈಯಲ್ಲಿ ಸಮೃದ್ಧಿಯು ಬರಿಯ ಉದಾಸೀನವಾಗಿಬಿಡುತ್ತದೆ. ಅದಕ್ಕಿಂತಲೂ ಗುರುತರವಾದುದೆಂದರೆ, ಮರಿಯನ್ನು ಹೆತ್ತವರಿಂದ ಅಗಲಿಸಿದ ಮೂಲದೋಷವನ್ನು ಇದು ಮೃದುಗೊಳಿಸುತ್ತದೆಯೇ ಹೊರತು ಪರಿಹರಿಸುವುದಿಲ್ಲ. ನೆದರ್ಲೆಂಡ್ಸಿನವರು 2014ರಲ್ಲಿ ಗಿಳಿಮರಿಗಳನ್ನು ಅಕಾಲದಲ್ಲಿ ಅಗಲಿಸುವುದನ್ನೇ ಕಾನೂನಿನಿಂದ ತಡೆದುದು ಈ ದೃಷ್ಟಿಯಿಂದ ಹೆಚ್ಚು ಸುಸಂಗತವಾದ ನಿಲುವು. ಆದರೂ ಕೈಯಲ್ಲಿ ಬೆಳೆದ ಮರಿಗಳು ಇರುವವರೆಗೆ, ಅವನ್ನು ಉಪವಾಸ ಕೆಡವಿ ಕಲಿಸುವುದಾಗಲಿ, ಅದಕ್ಕಿಂತ ಹೇಯವಾಗಿ, ಇನ್ನೂ ಗುಟುಕು ಬಿಡದ ಮರಿಯನ್ನು ಅಗ್ಗದ ಬೆಲೆಗೆ ಸಿರಿಂಜಿನ ಸಮೇತ ಅನನುಭವಿಗೆ ದಾಟಿಸುವುದಾಗಲಿ ಯಾವ ವಾದದಿಂದಲೂ ಸಮರ್ಥನೀಯವಲ್ಲ. ಗಡುವಿನ ಕ್ರಮ, ಸಮೃದ್ಧಿಯ ಕ್ರಮ ಇವೆರಡರಲ್ಲಿ ಲಿಂಡೆನ್ ಅವರ ಮಾರ್ಗವೇ ಗ್ರಾಹ್ಯ. ಅದಕ್ಕೆ ತಗಲುವ ಹೆಚ್ಚಿನ ವಾರಗಳ ವೆಚ್ಚವನ್ನು ಮರಿಯ ಹೊಟ್ಟೆಯಿಂದ ಕಳೆಯದೆ ಹಕ್ಕಿಯ ಬೆಲೆಗೆ ಸೇರಿಸುವುದು ನ್ಯಾಯ, ಆ ಬೆಲೆಯನ್ನು ಕೊಡಲೊಲ್ಲದವನು ಗಿಳಿಯನ್ನು ಕೊಳ್ಳದಿರುವುದು ಇನ್ನೂ ನ್ಯಾಯ.