ಮೃಗಕ್ಕೆ ಹೆಸರಿಡುವ ಆಟ

ಹಾಲ್ ಲಿಂಡ್ಸೆ ಎಂಬ ಅಮೆರಿಕದ ಧರ್ಮಪ್ರಚಾರಕ ಸಿ. ಸಿ. ಕಾರ್ಲ್‌ಸನ್ ಜೊತೆ ಸೇರಿ 1970ರಲ್ಲಿ ತಂದ 'ದಿ ಲೇಟ್ ಗ್ರೇಟ್ ಪ್ಲಾನೆಟ್ ಅರ್ಥ್' ಪುಸ್ತಕವನ್ನು ಓದಿ ಮುಗಿಸಿದಾಗ ನಮಗೆ ಮೊದಲು ಬಂದದ್ದು ನಗು. ಆಮೇಲೆ ಬಂದದ್ದು ಸಿಟ್ಟು. ನಗುವಿಗೆ ಕಾರಣ ಹೇಳುವುದು ಸುಲಭ. ಸಿಟ್ಟಿಗೆ ಕಾರಣ ಹೇಳಬೇಕೆಂದೇ ಈ ಬರಹ.

ಆ ದಶಕದಲ್ಲಿ ಅಮೆರಿಕದಲ್ಲಿ ಕಥೆ ಕಾದಂಬರಿಗಳನ್ನು ಬಿಟ್ಟರೆ ಇದರಷ್ಟು ಮಾರಾಟವಾದ ಪುಸ್ತಕ ಇನ್ನೊಂದಿಲ್ಲ ಅಂತ ಪತ್ರಿಕೆಗಳೇ ಬರೆದವು. 1979ರಲ್ಲಿ ಸಿನಿಮಾನೂ ಆಯಿತು. ಒಂದು ಕೈಯಲ್ಲಿ ಬೈಬಲ್ಲು, ಇನ್ನೊಂದು ಕೈಯಲ್ಲಿ ಬೆಳಗಿನ ಪೇಪರು ಹಿಡಿದುಕೊಂಡು, ಲೋಕ ಮುಗಿಯುವ ಹೊತ್ತು ಹತ್ತಿರ ಬಂತು ಅನ್ನುವುದು ಇದರ ವಾದ. ಯುರೋಪಿನ 10 ದೇಶಗಳು ಒಂದಾಗುತ್ತವಂತೆ. ಹಳೆಯ ರೋಮ್ ಸಾಮ್ರಾಜ್ಯ ಮತ್ತೆ ಎದ್ದು ಕೂರುತ್ತದಂತೆ. ಅದರ ನೆತ್ತಿಯ ಮೇಲೆ ಬರುವ ಸರ್ವಾಧಿಕಾರಿಯೇ ಕ್ರಿಸ್ತವಿರೋಧಿ. 1948ರಲ್ಲಿ ಇಸ್ರೇಲ್ ಹುಟ್ಟಿತಲ್ಲ, ಅಲ್ಲಿಂದ ಒಂದು ತಲೆಮಾರು, ಅಂದರೆ ಸುಮಾರು 40 ವರ್ಷದೊಳಗೆ ಇದೆಲ್ಲ ನಡೆದೀತು ಅಂತ ಸುಳಿವು ಬೇರೆ. 1981ರಲ್ಲಿ ಗ್ರೀಸ್ ಸೇರಿ ಯುರೋಪಿನ ಕೂಟ 10 ಆಯಿತು. 1986ರಲ್ಲಿ ಸ್ಪೇನ್, ಪೋರ್ಚುಗಲ್ ಸೇರಿ 12 ಆಯಿತು. 1988 ಬಂತು, ಹೋಯಿತು. ಲಿಂಡ್ಸೆ 2024ರಲ್ಲಿ ತೀರಿಕೊಂಡ. ಲೋಕ ಹಾಗೇ ಇದೆ.

ಜಾತ್ರೆಯಲ್ಲಿ ಕಾಲಜ್ಞಾನದ ಪುಸ್ತಕ ಕಂಡು ಬೆಳೆದ ನಮಗೆ ತಪ್ಪಿದ ಭವಿಷ್ಯ ಹೊಸದೇನಲ್ಲ. ಕ್ರೈಸ್ತ ಬಂಧುಗಳ ನಂಬಿಕೆಯನ್ನು ಗೇಲಿ ಮಾಡುವುದೂ ನಮ್ಮ ಕೆಲಸವಲ್ಲ. ನಾವು ಕೇಳುವುದು ಬೇರೆ ಪ್ರಶ್ನೆ. ಈ ಮಾತು ಮೊದಲು ಯಾರ ಬಾಯಿಂದ ಬಂತು? ಈಗ ಯಾರ ಬಾಯಲ್ಲಿದೆ?

ಮೊದಲು ಮೂಲಕ್ಕೆ ಹೋಗೋಣ. ಕ್ರಿಸ್ತವಿರೋಧಿ ಎಂಬ ಪದ ಪ್ರಕಟನೆ ಗ್ರಂಥದಲ್ಲಿ ಎಲ್ಲೂ ಇಲ್ಲ. ಅದು ಬರುವುದು ಯೋಹಾನನ ಹೆಸರಿನ ಪತ್ರಗಳಲ್ಲಿ. ಅಲ್ಲಿಯೂ ಒಬ್ಬನಲ್ಲ, ಅಂಥವರು ಬಹಳ ಮಂದಿ ಈಗಾಗಲೇ ಬಂದಿದ್ದಾರೆ ಎಂಬ ಮಾತಿದೆ. ಪ್ರಕಟನೆಯಲ್ಲಿರುವುದು ಮೃಗ. ಸಮುದ್ರದಿಂದ ಎದ್ದು ಬರುವ, 7 ತಲೆ 10 ಕೊಂಬಿನ ಮೃಗ. ಅದರ ಗುರುತು ಹಾಕಿಸಿಕೊಳ್ಳದವನು ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಅದರ ಸಂಖ್ಯೆ 666.

ಇದನ್ನು ಬರೆದವನು ಪತ್ಮೋಸ್ ದ್ವೀಪದಲ್ಲಿದ್ದವನು. ತನ್ನ ಸಾಕ್ಷಿಯ ದೆಸೆಯಿಂದಲೇ ಅಲ್ಲಿದ್ದೇನೆ ಅಂತ ತಾನೇ ಹೇಳಿಕೊಂಡಿದ್ದಾನೆ. ಬಹುಪಾಲು ವಿದ್ವಾಂಸರು ಈ ಗ್ರಂಥವನ್ನು ಒಂದನೆಯ ಶತಮಾನದ ಕೊನೆಗೆ, ರೋಮಿನಲ್ಲಿ ಡೊಮಿಷಿಯನ್ ಆಳುತ್ತಿದ್ದ ಕಾಲಕ್ಕೆ ಇಡುತ್ತಾರೆ. ಸಂಖ್ಯೆಯ ಗುಟ್ಟು ದೊಡ್ಡದೇನಲ್ಲ. ಹೀಬ್ರೂ ಭಾಷೆಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇದೆ. 'ನೀರೋ ಕೈಸರ್' ಎಂದು ಆ ಅಕ್ಷರಗಳಲ್ಲಿ ಬರೆದು ಕೂಡಿಸಿದರೆ 50, 200, 6, 50, 100, 60, 200. ಒಟ್ಟು 666. ಹೆಸರಿನ ಕೊನೆಯ ನಕಾರ ಬಿಟ್ಟು ಬರೆದರೆ 616. ಕೆಲವು ಹಳೆಯ ಪ್ರತಿಗಳಲ್ಲಿ 616 ಅಂತಲೇ ಇದೆ. ಹಾಗಾಗಿ ಇದು ನೀರೋನ ಹೆಸರೇ ಅನ್ನುವುದು ಬಲವಾದ ವಾದ.

ಹೆಸರನ್ನು ಯಾಕೆ ಬಚ್ಚಿಟ್ಟ? ಬಿಚ್ಚಿ ಹೇಳಿದರೆ ಹೇಳಿದವನೂ ಉಳಿಯಲ್ಲ, ಕೇಳಿದವರೂ ಉಳಿಯಲ್ಲ. ಚಕ್ರವರ್ತಿಯನ್ನೇ ದೇವರೆಂದು ಪೂಜಿಸಬೇಕಾಗಿದ್ದ ನಾಡಿನಲ್ಲಿ, ಕಾಲಡಿ ಸಿಕ್ಕ ಜನ ತಮ್ಮೊಳಗೆ ಪಿಸುಗುಟ್ಟಿಕೊಂಡ ಮಾತು ಅದು. ಲಿಂಡ್ಸೆಯ ಓದುಗರಿಗೆ ಯಾರ ಭಯವಿದೆ? ಅಲ್ಲಿ ಪ್ರಾಣ ಉಳಿಸಿದ ಗುಟ್ಟು ಇಲ್ಲಿ ಸೋಫಾದ ಮೇಲೆ ಕೂತವರ ಪದಬಂಧ ಆಗಿದೆ.

ಇನ್ನೂ ಒಂದು ಮಾತು. ನೀರೋ 68ರಲ್ಲೇ ಸತ್ತಿದ್ದ. ಅವನು ಮತ್ತೆ ಬರುತ್ತಾನೆಂಬ ಗುಲ್ಲು ಜನರಲ್ಲಿತ್ತು. ಮೃಗದ ಒಂದು ತಲೆಗೆ ಸಾಯುವಂಥ ಗಾಯವಾಗಿ ಮತ್ತೆ ವಾಸಿಯಾಯಿತು ಅಂತ ಯೋಹಾನ ಬರೆಯುತ್ತಾನೆ. ಅಂದರೆ ಏನರ್ಥ? ತಲೆ ಹೋದರೂ ಒಡಲು ಹೋಗಲ್ಲ. ಒಬ್ಬ ನೀರೋ ಸತ್ತರೆ ಡೊಮಿಷಿಯನ್ ಬರುತ್ತಾನೆ. ವ್ಯವಸ್ಥೆ ಎಂಬ ಪದ ಅವನ ಹತ್ತಿರ ಇರಲಿಲ್ಲ, ಅದಕ್ಕೇ 7 ತಲೆಯ ಚಿತ್ರ ಬರೆದ. 18ನೆಯ ಅಧ್ಯಾಯದಲ್ಲಿ ಆ ಒಡಲಿನ ಹೊಟ್ಟೆಯನ್ನೇ ಬಗೆದು ತೋರಿಸುತ್ತಾನೆ. ಬಾಬೆಲ್ ನಗರ ಬಿತ್ತು ಅಂತ ಅಲ್ಲಿ ಅಳುವವರು ಯಾರು? ವರ್ತಕರು. ಅವರ ಸರಕಿನ ಪಟ್ಟಿ ಚಿನ್ನ ಬೆಳ್ಳಿಯಿಂದ ಶುರುವಾಗಿ, ರೇಷ್ಮೆ, ದಂತ, ದ್ರಾಕ್ಷಾರಸ, ಎಣ್ಣೆ, ಗೋಧಿ, ದನ, ಕುರಿ, ಕುದುರೆ, ರಥ ಅಂತ ಸಾಗಿ, ಕೊನೆಗೆ ಗುಲಾಮರು, ಮನುಷ್ಯರ ಪ್ರಾಣಗಳು ಅಂತ ಮುಗಿಯುತ್ತದೆ. ಮನುಷ್ಯನನ್ನು ಕುರಿ ಕುದುರೆಗಳ ಆಚೆ, ಪಟ್ಟಿಯ ತುದಿಯಲ್ಲಿ ನಿಲ್ಲಿಸಿ ಮಾರುವ ಸಂತೆ ಅದು. ಈ ಪಟ್ಟಿ ಓದಿ ಎದೆ ನಡುಗದವನು 666ರ ಲೆಕ್ಕ ಹಾಕಿ ಏನು ಪ್ರಯೋಜನ?

ಆದರೆ ಇತಿಹಾಸದುದ್ದಕ್ಕೂ ನಡೆದದ್ದು ಲೆಕ್ಕವೇ. ಲೂಥರ್ 1520ರ ಹೊತ್ತಿಗೆ ಪೋಪ್ ಪೀಠವನ್ನೇ ಕ್ರಿಸ್ತವಿರೋಧಿ ಎಂದು ಕರೆದ. ದೊಡ್ಡ ಎದೆಗಾರಿಕೆ, ಒಪ್ಪೋಣ. ಆದರೆ 1525ರಲ್ಲಿ ಜರ್ಮನಿಯ ರೈತರು ಜೀತ ಹೋಗಲಿ ಅಂತ ಎದ್ದು ನಿಂತಾಗ, ಅವರನ್ನು ಕೊಂದು ಹಾಕಿ ಎಂದು ದೊರೆಗಳಿಗೆ ಬರೆದವನೂ ಅದೇ ಲೂಥರ್. ರೈತರ ಜೊತೆ ನಿಂತ ಥಾಮಸ್ ಮ್ಯುಂಟ್ಸರ್‌ನ ತಲೆ ಹೋಯಿತು. ರೋಮಿನಲ್ಲಿದ್ದ ಮೃಗ ಲೂಥರ್‌ಗೆ ಕಂಡಿತು. ಹೊಲದ ಬದುವಿನ ಮೇಲೆ ಕುದುರೆ ಹತ್ತಿ ಬಂದದ್ದು ಕಾಣಲಿಲ್ಲ.

ಅಮೆರಿಕದ ಕಥೆ ಇನ್ನೂ ಸೋಜಿಗದ್ದು. 1920, 30ರ ದಶಕಗಳಲ್ಲಿ ಅಲ್ಲಿನ ಬೋಧಕರ ಬೆರಳು ಮುಸೊಲಿನಿಯ ಕಡೆ ತಿರುಗಿತು. ಸರಿಯಾಗೇ ತಿರುಗಿತಲ್ಲ ಅಂತ ನೀವನ್ನಬಹುದು. ಆದರೆ ಕಾರಣ ನೋಡಿ. ಅವನು ಕಾರ್ಮಿಕ ಸಂಘಗಳನ್ನು ಮುರಿದದ್ದಲ್ಲ ಅವರಿಗೆ ಮುಖ್ಯವಾದದ್ದು. ಅವನು ರೋಮಿನಲ್ಲಿ ಕೂತಿದ್ದ, ಹಳೆಯ ಸಾಮ್ರಾಜ್ಯದ ಮಾತಾಡುತ್ತಿದ್ದ, ಅವರ ನಕ್ಷೆಗೆ ಹೊಂದಿಕೊಂಡಿದ್ದ, ಅಷ್ಟೆ. ಅದೇ ಗುಂಪಿನಲ್ಲಿ ಹಲವರಿಗೆ 1933ರಲ್ಲಿ ರೂಸ್‌ವೆಲ್ಟ್ ಸರಕಾರದ ನೀಲಿ ಹದ್ದಿನ ಚಿಹ್ನೆಯೂ ಮೃಗದ ಗುರುತಿನ ಮುನ್ಸೂಚನೆಯಾಗಿ ಕಂಡಿತು. ಆ ಹದ್ದು ಏನು? ಕನಿಷ್ಠ ಕೂಲಿ, ಕೆಲಸದ ಗಂಟೆಯ ಮಿತಿ ಒಪ್ಪಿಕೊಂಡ ಅಂಗಡಿ, ಕಾರ್ಖಾನೆಗಳ ಬಾಗಿಲಿಗೆ ಅಂಟಿಸುತ್ತಿದ್ದ ಚೀಟಿ. ಹಸಿದವನಿಗೆ ಎರಡು ಕಾಸು ಹೆಚ್ಚು ಕೊಡಿ ಅಂದದ್ದೇ ಸೈತಾನನ ಕೆಲಸವಾಯಿತು!

ಆಮೇಲೆ ಸಾಲುಸಾಲು. ರೊನಾಲ್ಡ್ ವಿಲ್ಸನ್ ರೇಗನ್ ಹೆಸರಿನ ಮೂರೂ ಭಾಗದಲ್ಲಿ ಇಂಗ್ಲಿಷಿನ ಆರಾರು ಅಕ್ಷರ ಎಣಿಸಿದವರುಂಟು. ಆತ ನಿವೃತ್ತನಾಗಿ ಹೋದ ಮನೆಯ ನಂಬರು 666 ಇದ್ದದ್ದನ್ನು 668 ಮಾಡಿಸಿದರು. ಗೋರ್ಬಚೇವ್ ನೆತ್ತಿಯ ಮಚ್ಚೆಯನ್ನು ಮೃಗದ ಗುರುತು ಅಂದರು. ರಾಬರ್ಟ್ ಫೇಡ್ ಎಂಬಾತ 1988ರಲ್ಲಿ ಅದಕ್ಕೊಂದು ಪುಸ್ತಕವನ್ನೇ ಬರೆದು, ಸಂಭವನೀಯತೆಯ ಗಣಿತ ಹಾಕಿದ. ಅದಕ್ಕೆ 1993ರಲ್ಲಿ ನಗೆಪಾಟಲಿನ ಇಗ್ ನೊಬೆಲ್ ಬಹುಮಾನ ಸಿಕ್ಕಿತು. ಬಾಬಿಲೋನನ್ನು ಮತ್ತೆ ಕಟ್ಟಿಸುತ್ತಿದ್ದಾನೆ ಅಂತ ಸದ್ದಾಂ ಹುಸೇನನನ್ನು ಹೆಸರಿಸಿದರು. 2013ರ ಒಂದು ಸಮೀಕ್ಷೆಯಲ್ಲಿ ಕೇಳಿದಾಗ ಶೇ. 13ರಷ್ಟು ಅಮೆರಿಕನ್ ಮತದಾರರು ಬರಾಕ್ ಒಬಾಮನೇ ಕ್ರಿಸ್ತವಿರೋಧಿ ಅಂದರು. ಗುಲಾಮರ ಸಂತೆ ನಡೆದಿದ್ದ ನಾಡಿನಲ್ಲಿ ಮೊದಲ ಕಪ್ಪು ಅಧ್ಯಕ್ಷನ ಹಣೆಗೇ ಈ ಗುರುತು. ಟ್ರಂಪ್ ಬಂದ ಮೇಲೆ ಎದುರು ಪಾಳೆಯದವರೂ ಅದೇ ಆಟ ಆಡಿದರು.

ಲಿಂಡ್ಸೆಯ ಪುಸ್ತಕದಲ್ಲಿ ಈ ಆಟದ ಬೇರು ಕಾಣುತ್ತದೆ. ರಷ್ಯ ಒಬ್ಬ ಶತ್ರು, ಅರಬರು, ಆಫ್ರಿಕದವರು ಅದರ ಜೊತೆಗಾರರು. ಚೀನಾದ ಅಧ್ಯಾಯಕ್ಕೆ ಇಟ್ಟ ಹೆಸರೇ 'ಹಳದಿ ಅಪಾಯ'. ಚರ್ಮದ ಬಣ್ಣದ ಮೇಲೆ ಅಧ್ಯಾಯದ ಹೆಸರು! ವಿಯಟ್ನಾಮಿನ ಮೇಲೆ ಬಾಂಬು ಸುರಿಯುತ್ತಿದ್ದ ವರ್ಷಗಳಲ್ಲಿ ಬಂದ ಪುಸ್ತಕದಲ್ಲಿ, ಬಾಂಬು ಸುರಿದ ದೇಶ ಮಾತ್ರ ಮೃಗವಲ್ಲ. ವಿಶ್ವಾಸಿಗಳಿಗೋ ಚಿಂತೆಯೇ ಇಲ್ಲ. ಸಂಕಟ ಶುರುವಾಗುವ ಮುಂಚೆಯೇ ಅವರನ್ನು ಆಕಾಶಕ್ಕೆ ಎತ್ತಿಕೊಳ್ಳಲಾಗುತ್ತದೆ. 19ನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಹಬ್ಬಿಸಿದ, 1909ರ ಸ್ಕೋಫೀಲ್ಡ್ ಬೈಬಲ್ಲು ಮನೆಮನೆಗೆ ಮುಟ್ಟಿಸಿದ ಬೋಧನೆ ಇದು. ಪತ್ಮೋಸಿನವನು ಸಂಕಟದ ನಡುವೆ ನಿಂತು ತಾಳಿಕೊಳ್ಳಿ ಅಂದ. ಇವರು ಟಿಕೆಟ್ ತೆಗೆದಿಟ್ಟುಕೊಂಡು ಕೆಳಗಿನ ಬೆಂಕಿಯನ್ನು ನೋಡಲು ಕೂತಿದ್ದಾರೆ.

2025ರಲ್ಲಿ ಈ ಆಟ ತಲೆಕೆಳಗೇ ಆಯಿತು. ಪೀಟರ್ ಥೀಲ್ ಎಂಬ ಕೋಟ್ಯಧಿಪತಿ, ಸರಕಾರಗಳಿಗೂ ಸೈನ್ಯಕ್ಕೂ ಜನರ ಮಾಹಿತಿ ಜಾಲಾಡುವ ತಂತ್ರಾಂಶ ಮಾರುವ ಕಂಪನಿ ಕಟ್ಟಿದವರಲ್ಲಿ ಒಬ್ಬ. ಅವನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ರಿಸ್ತವಿರೋಧಿಯ ಮೇಲೆ ಉಪನ್ಯಾಸಗಳನ್ನು ಕೊಟ್ಟ. ವಿಜ್ಞಾನಕ್ಕೆ ತಡೆ ಹಾಕಬೇಕು ಅನ್ನುವವರ ರೂಪದಲ್ಲೇ ಅವನು ಬರುತ್ತಾನೆ ಅಂದು, ಭೂಮಿ ಬಿಸಿಯಾಗುತ್ತಿದೆ ಎಂದು ಶಾಲೆ ಬಿಟ್ಟು ಬೀದಿಯಲ್ಲಿ ಕೂತಿದ್ದ ಗ್ರೇತಾ ಥನ್‌ಬರ್ಗ್‌ಳ ಹೆಸರು ಎತ್ತಿದ. ವರ್ತಕರ ವಿರುದ್ಧ ಹುಟ್ಟಿದ ಮಾತು ವರ್ತಕನ ನಾಲಿಗೆಗೇ ಬಂತು. ನಮ್ಮ ಸಿಟ್ಟಿಗೆ ಕಾರಣ ಇದು. ತುಳಿಸಿಕೊಂಡವರ ಮಾತನ್ನು ತುಳಿಯುವವರು ಕದ್ದಿದ್ದಾರೆ.

ಹಾಗಾದರೆ ಆ ಮಾತು ಸತ್ತೇ ಹೋಯಿತಾ? ಇಲ್ಲ. 1985ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕದ ಸೊವೆಟೊದ ಸುತ್ತ ಕೆಲಸ ಮಾಡುತ್ತಿದ್ದ ಪಾದ್ರಿಗಳು, ಧರ್ಮಶಾಸ್ತ್ರ ಬಲ್ಲವರು ಸೇರಿ 'ಕೈರೋಸ್ ಡಾಕ್ಯುಮೆಂಟ್' ಹೊರತಂದರು. 150ಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅಲ್ಲಿನ ಬಿಳಿಯ ಸರಕಾರ ತನ್ನ ಸಂವಿಧಾನದಲ್ಲೇ ದೇವರ ಹೆಸರು ಬರೆದುಕೊಂಡಿತ್ತು. ಆ ದೇವರನ್ನೇ, ಬಂದೂಕು, ಅಶ್ರುವಾಯು, ಜೈಲುಗಳ ಆ ದೇವರನ್ನೇ, ಅವರು ಕ್ರಿಸ್ತವಿರೋಧಿ ಎಂದು ಕರೆದರು. ಗಮನಿಸಿ. ಅಧ್ಯಕ್ಷ ಬೋಥಾನ ಹೆಸರಿನ ಅಕ್ಷರ ಎಣಿಸಲಿಲ್ಲ. ಅವನ ನೆತ್ತಿಯಲ್ಲಿ ಮಚ್ಚೆ ಹುಡುಕಲಿಲ್ಲ. ಆಳುವವರು ದೇವರ ವೇಷ ಹಾಕಿಸಿ ಕೂರಿಸಿದ್ದ ಆ ಪೂರ್ತಿ ಏರ್ಪಾಡಿಗೆ ಹೆಸರಿಟ್ಟರು. ಅಲನ್ ಬೋಸಾಕ್ 1987ರಲ್ಲಿ ಪ್ರಕಟನೆ ಗ್ರಂಥದ ಮೇಲೆ ಬರೆದ ಪುಸ್ತಕವೂ ಅದೇ ನೆಲದಲ್ಲಿ ನಿಂತದ್ದು. 1986ರವರೆಗೂ ಆ ನಾಡಿನಲ್ಲಿ ಕಪ್ಪು ಮನುಷ್ಯ ಪಾಸ್ ಪುಸ್ತಕ ಜೇಬಲ್ಲಿಲ್ಲದೆ ಊರೊಳಗೆ ಕಾಲಿಡುವ ಹಾಗಿರಲಿಲ್ಲ, ಕೆಲಸ ಹಿಡಿಯುವ ಹಾಗಿರಲಿಲ್ಲ. ಗುರುತಿಲ್ಲದವನು ಕೊಳ್ಳುವಂತಿಲ್ಲ, ಮಾರುವಂತಿಲ್ಲ ಎಂಬ ಮಾತಿನ ಅರ್ಥ ಅವರಿಗೆ ಯಾವ ಪಂಡಿತನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎರಡು ಓದಿಗೂ ಇರುವ ವ್ಯತ್ಯಾಸ ಇದು. ಸೊವೆಟೊದವರು ಹೆಸರಿಟ್ಟದ್ದು ತಮ್ಮ ಕತ್ತಿನ ಮೇಲಿದ್ದ ಕಾಲಿಗೆ. ಅದಕ್ಕೆ ಬೆಲೆ ತೆರಬೇಕೆಂದು ಗೊತ್ತಿದ್ದೂ ಇಟ್ಟರು. ಲಿಂಡ್ಸೆ ಹೆಸರಿಟ್ಟದ್ದು ತನ್ನ ಸರಕಾರದ ವೈರಿಗಳಿಗೆ. ಅದರಿಂದ ಅವನಿಗೆ ಬಂದದ್ದು ಕಾಸು.

ನಾಯಕರನ್ನು ದೂರಬೇಡಿ ಅಂತ ನಾವು ಹೇಳುತ್ತಿಲ್ಲ. ದೂರಿ, ಗಟ್ಟಿಯಾಗೇ ದೂರಿ. ಅವರು ಮಾಡಿದ ಕಾನೂನು, ಹಾರಿಸಿದ ಗುಂಡು, ಕಿತ್ತುಕೊಂಡ ಕೂಲಿ, ಇವುಗಳ ಲೆಕ್ಕ ಕೇಳಿ. ಹೆಸರಿನ ಅಕ್ಷರ, ಮಚ್ಚೆ, ಮನೆ ನಂಬರಿನ ಲೆಕ್ಕ ಬೇಡ. ಹಾಗೆ ಎಣಿಸುತ್ತ ಕೂತರೆ ಒಬ್ಬ ಹೋದ ಮೇಲೆ ಇನ್ನೊಬ್ಬನ ಹೆಸರು ಎಣಿಸುತ್ತೀರಿ, ಮೃಗ ನಿಮ್ಮ ಬೆನ್ನ ಹಿಂದೆ ನಿಂತು ಉಣ್ಣುತ್ತಿರುತ್ತದೆ. ನಾಳೆ ಯಾರಾದರೂ ಇಂಥ ಪುಸ್ತಕ ಹಿಡಿದು ಬಂದು 13ನೆಯ ಅಧ್ಯಾಯ ತೆಗೆದರೆ ಜಗಳಾಡಬೇಡಿ. ಅಣ್ಣಾ, ಹಾಗೇ 18ನೆಯದನ್ನೂ ಗಟ್ಟಿಯಾಗಿ ಓದಪ್ಪ ಅನ್ನಿ. ಸರಕಿನ ಪಟ್ಟಿಯ ಕೊನೆ ಸಾಲು ಬಂದಾಗ ನಿಲ್ಲಿಸಿ ಕೇಳಿ: ಇವರನ್ನು ಮಾರಿದವರು ಯಾರು? ಕೊಂಡವರು ಯಾರು?