ದೆಹಲಿಗೆ ವಿದ್ವಾಂಸರು ಸಿಕ್ಕರು, ಕಥೆ ಸಿಗಲಿಲ್ಲ

ಮಳೆಗಾಲದಲ್ಲಿ ಸಾಗರದ ಸೈಬರ್ ಕೆಫೆಯಲ್ಲಿ ಕೂತು ಆಡುವವನಿಗೆ ಎದುರಿನ ಕಂಪ್ಯೂಟರಿನ ಗೆಳೆಯನಿಗಿಂತ ದೊಡ್ಡ ವೈರಿ ಕರೆಂಟು. ಲಿಂಗನಮಕ್ಕಿಯ ನೀರು ನಾಡಿಗೆಲ್ಲ ದೀಪ ಹಚ್ಚುತ್ತಿದ್ದರೂ ಎಲ್ಲೋ ಒಂದು ಮರ ತಂತಿಯ ಮೇಲೆ ಬಿತ್ತೆಂದರೆ ಎರಡು ತಾಸು ಕಟ್ಟಿದ ಸಾಮ್ರಾಜ್ಯ ಕ್ಷಣದಲ್ಲಿ ಕತ್ತಲಾಗುತ್ತಿತ್ತು. 2000ದ ದಶಕದ ಆ ವರ್ಷಗಳಲ್ಲಿ ನಾವು ಕಟ್ಟುತ್ತಿದ್ದದ್ದು ‘ಏಜ್ ಆಫ್ ಎಂಪೈರ್ಸ್ 2’ ಎಂಬ ಆಟದ ಸಾಮ್ರಾಜ್ಯ. 1999ರಲ್ಲಿ ಬಂದ ಆ ಆಟದಲ್ಲಿ ಹದಿಮೂರು ಜನಾಂಗಗಳಿದ್ದವು, ಭಾರತ ಇರಲಿಲ್ಲ. ಯುದ್ಧದಾನೆ ಬೇಕೆಂದರೆ ಪರ್ಷಿಯನ್ನರ ಪಡೆಯನ್ನು ಆರಿಸಬೇಕಿತ್ತು. ಸಕ್ರೆಬೈಲಿನ ಬಿಡಾರ ನೋಡಿ ಬೆಳೆದ ಹುಡುಗರು ಆನೆಗಾಗಿ ಇರಾನಿಗೆ ಹೋಗಬೇಕಾದದ್ದು ಆಗ ನಮಗೆ ವಿಚಿತ್ರವೆನಿಸಲೂ ಇಲ್ಲ.

ಹುಡುಗರ ಆಟಕ್ಕೆ ಪತ್ರಿಕೆಯ ಪುಟಗಳೇಕೆ ಎಂದು ಹಿರಿಯರು ಕೇಳಬಹುದು. ಇಂದು ನಮ್ಮ ಮನೆಗಳ ಮಕ್ಕಳು ಸಲಾಹುದ್ದೀನ್ ಅಯ್ಯೂಬಿಯ ಹೆಸರನ್ನು ಮೊದಲು ಕೇಳುವುದು ಮದ್ರಸದಲ್ಲೋ ಪಾಠಪುಸ್ತಕದಲ್ಲೋ ಅಲ್ಲ, ಇಂತಹ ಆಟಗಳಲ್ಲಿ ಎಂಬುದು ನಮ್ಮ ಉತ್ತರ. ಚರಿತ್ರೆಯನ್ನು ಮಕ್ಕಳಿಗೆ ಹೇಳುತ್ತಿರುವವರು ಯಾರು, ಹೇಗೆ ಹೇಳುತ್ತಿದ್ದಾರೆ ಎಂದು ನೋಡದೆ ಇರುವುದು ಜಾಣತನವಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಆಟ ಶುರುವಾಗುವಾಗ ಕೈಯಲ್ಲಿ ಕೆಲವೇ ಹಳ್ಳಿಗರು. ಅವರು ಮರ ಕಡಿದು, ಬೆಳೆ ಬೆಳೆದು, ಕಲ್ಲು ಚಿನ್ನ ಅಗೆದು ತರಬೇಕು. ಊರು ಬೆಳೆದಂತೆ ಯುಗ ಬದಲಾಗುತ್ತದೆ, ಕೋಟೆ ಏಳುತ್ತದೆ, ಸೈನ್ಯ ಕೂಡುತ್ತದೆ. ಎದುರಾಳಿಯೂ ಅಷ್ಟೇ ಹೊತ್ತಿನಲ್ಲಿ ಅದನ್ನೇ ಮಾಡುತ್ತಿರುತ್ತಾನೆ. ಎರಡನೆಯ ಭಾಗ ಜಗತ್ತಿನಾದ್ಯಂತ ಗೆದ್ದಿತು. 2005ರ ಮೂರನೆಯ ಭಾಗ ವಸಾಹತು ಕಾಲಕ್ಕೆ ಹೋಗಿ, ತವರು ನಗರದಿಂದ ಸಾಮಾನು ತರಿಸಿಕೊಳ್ಳುವ ಇಸ್ಪೀಟಿನಂತಹ ಎಲೆಗಳನ್ನು ತಂದಿತು. ಹಳೆಯ ಅಭಿಮಾನಿಗಳಲ್ಲಿ ಬಹಳ ಮಂದಿಗೆ ಅದು ರುಚಿಸಲಿಲ್ಲ. ಆಟ ಮಾಡಿದ ಎನ್ಸೆಂಬಲ್ ಸ್ಟುಡಿಯೋಸ್ 2009ರಲ್ಲಿ ಬಾಗಿಲು ಹಾಕಿತು. ಜನ ಮತ್ತೆ ಎರಡನೆಯದಕ್ಕೇ ಮರಳಿದರು. ಹೀಗೆ ಹದಿನಾರು ವರ್ಷ ಕಾದ ಮೇಲೆ, 2021ರ ಅಕ್ಟೋಬರ್ 28ರಂದು, ಕೆನಡಾದ ರೆಲಿಕ್ ಎಂಬ ಸಂಸ್ಥೆ ರೂಪಿಸಿದ ‘ಏಜ್ ಆಫ್ ಎಂಪೈರ್ಸ್ 4’ ಬಂತು. ಹಳೆಯದರಂತೆಯೇ ಇರಬೇಕು, ಆದರೆ ಹಳತಾಗಿರಬಾರದು ಎಂಬುದು ಅಭಿಮಾನಿಗಳ ಬೇಡಿಕೆಯಾಗಿತ್ತು.

ಆ ಬೇಡಿಕೆಯನ್ನೇ ಅಳತೆಗೋಲಾಗಿಟ್ಟರೆ ನಾಲ್ಕನೆಯ ಭಾಗ ಗೆದ್ದಿದೆ ಎಂದೇ ಹೇಳಬೇಕು. ಬಣ್ಣ ಮಕ್ಕಳ ಚಿತ್ರದಂತಿದೆ, ಸೈನಿಕರ ಕೈಯ ಆಯುಧಗಳು ಅತಿ ದೊಡ್ಡವು ಎಂಬ ದೂರುಗಳು ನಮಗೆ ದೊಡ್ಡದೆನಿಸಲಿಲ್ಲ. ಯುಗ ಬದಲಾದಂತೆ ಹಳ್ಳಿಗರ ಮಾತೂ ಹಳೆಯ ರೂಪದಿಂದ ಹೊಸ ರೂಪಕ್ಕೆ ಬದಲಾಗುತ್ತದೆ. ಹಳಗನ್ನಡ, ನಡುಗನ್ನಡ ಓದಿದವರಿಗೆ ಈ ಸೂಕ್ಷ್ಮದ ಬೆಲೆ ಗೊತ್ತಾಗುತ್ತದೆ. ಕೋಟೆಗೋಡೆಯ ಮೇಲೆ ಬಿಲ್ಲುಗಾರರು ಹತ್ತಿ ನಿಲ್ಲಬಹುದು, ಕಾಡಿನಲ್ಲಿ ಪಡೆಯನ್ನು ಅಡಗಿಸಿಡಬಹುದು. ಕಾಡೆಂದರೆ ಬರೀ ಕಡಿಯುವ ಮರ ಎಂಬ ಹಳೆಯ ಆಟದ ಲೆಕ್ಕ ಇಲ್ಲಿ ಸ್ವಲ್ಪ ಸಡಿಲಾಗಿದೆ.

ಇದಕ್ಕಿಂತ ಮುಖ್ಯವಾದ ಬದಲಾವಣೆ ಆಟದ ಬುಡದಲ್ಲೇ ಇದೆ. ಎರಡನೆಯ ಭಾಗ ಚದುರಂಗದ ಜಾತಿಯದು. ಎಲ್ಲರಿಗೂ ಹೆಚ್ಚುಕಡಿಮೆ ಅವೇ ಕಾಯಿಗಳು, ಒಬ್ಬರಿಗೆ ಒಂದು ಕಾಯಿ ಹೆಚ್ಚು ಇನ್ನೊಬ್ಬರಿಗೆ ಒಂದು ಕಡಿಮೆ. ನಾಲ್ಕನೆಯದು ನಮ್ಮ ಆಡು-ಹುಲಿ ಆಟದ ಜಾತಿಯದು. ಹುಲಿ ಆಡುವವನ ಕಣ್ಣು ಬೇರೆ, ಆಡು ಆಡುವವನ ಕಣ್ಣು ಬೇರೆ. ಮಂಗೋಲರಿಗೆ ಊರೇ ಸ್ಥಿರವಲ್ಲ, ಮನೆ ಕಟ್ಟಡಗಳನ್ನು ಬಂಡಿಯ ಮೇಲೆ ಹೇರಿಕೊಂಡು ಹೊರಡುತ್ತಾರೆ. ಅಬ್ಬಾಸಿಗಳು ಉಳಿದವರಂತೆ ಯುಗಕ್ಕೊಂದು ಸ್ಮಾರಕ ಕಟ್ಟುವುದಿಲ್ಲ. ಬೈತುಲ್ ಹಿಕ್ಮ ಎಂಬ ಒಂದೇ ಜ್ಞಾನಮಂದಿರವನ್ನು ಕಟ್ಟಿ, ಅದಕ್ಕೆ ಒಂದೊಂದೇ ಅಂಕಣ ಸೇರಿಸುತ್ತ ಮುಂದಿನ ಯುಗಕ್ಕೆ ಹೋಗುತ್ತಾರೆ. ಬಗ್ದಾದಿನ ಏಳಿಗೆಯನ್ನು ಕತ್ತಿಯ ಲೆಕ್ಕದಲ್ಲಿ ಅಲ್ಲದೆ ಗ್ರಂಥಗಳ ಲೆಕ್ಕದಲ್ಲಿ ಹೇಳಿದ ಆಟವನ್ನು ನಾವು ಇದಕ್ಕೆ ಮೊದಲು ಆಡಿರಲಿಲ್ಲ.

ದೆಹಲಿ ಸುಲ್ತಾನರ ಪಡೆಯಂತೂ ಇನ್ನೂ ಚೆನ್ನ. ಉಳಿದವರು ಪ್ರತಿಯೊಂದು ಹೊಸ ವಿದ್ಯೆಗೂ ಚಿನ್ನ, ಧಾನ್ಯ ತೆರಬೇಕು. ದೆಹಲಿಗೆ ಎಲ್ಲ ವಿದ್ಯೆಯೂ ಪುಕ್ಕಟೆ, ಆದರೆ ತುಂಬಾ ನಿಧಾನ. ಮಸೀದಿಗಳನ್ನು ಕಟ್ಟಿ ವಿದ್ವಾಂಸರನ್ನು ಅಲ್ಲಿ ಕೂರಿಸಿದಷ್ಟೂ ವೇಗ ಹೆಚ್ಚುತ್ತದೆ. ಇಲ್ಮಿಗೆ ದುಡ್ಡು ಬೇಡ, ತಾಳ್ಮೆ ಬೇಕು ಎಂಬ ಮಾತನ್ನು ಯಾರೋ ಮೌಲವಿಗಳು ಹೇಳಿ ಬರೆಸಿದಂತಿದೆ. ಸಿನಿಮಾಗಳಲ್ಲಿ, ಟಿವಿ ಧಾರಾವಾಹಿಗಳಲ್ಲಿ ದೆಹಲಿಯ ಸುಲ್ತಾನ ಎಂದರೆ ಮಾಂಸ ಹರಿದು ತಿನ್ನುವ ಕಾಡಿಗೆ ಕಣ್ಣಿನ ರಾಕ್ಷಸ ಎಂದು ನೋಡಿ ನೋಡಿ ದಣಿದವರಿಗೆ ಇದು ಸಮಾಧಾನ ಕೊಡುತ್ತದೆ.

ಆದರೆ ಆಟದ ಇನ್ನೊಂದು ಅರ್ಧವನ್ನು ನೋಡಿದಾಗ ನಮ್ಮ ಸಮಾಧಾನ ಉಳಿಯಲಿಲ್ಲ. ಈ ಆಟಗಳಲ್ಲಿ ಕಥಾಸರಣಿ ಎಂದೊಂದು ಇರುತ್ತದೆ. ಒಬ್ಬ ವ್ಯಕ್ತಿಯ ಅಥವಾ ವಂಶದ ಬದುಕನ್ನು ಯುದ್ಧದಿಂದ ಯುದ್ಧಕ್ಕೆ ಹಿಂಬಾಲಿಸುವ ಭಾಗ ಅದು. 2021ರಲ್ಲಿ ಆಟ ಬಂದಾಗ ಎಂಟು ಜನಾಂಗಗಳಿದ್ದವು, ಕಥೆಗಳು ನಾಲ್ಕು. ನಾರ್ಮನ್ನರದು, ಇಂಗ್ಲೆಂಡ್-ಫ್ರಾನ್ಸಿನ ನೂರು ವರ್ಷದ ಯುದ್ಧ, ಮಂಗೋಲರದು, ಮಾಸ್ಕೋ ನಗರದ ಏಳಿಗೆಯದು. ದೆಹಲಿಗೂ ಇಲ್ಲ, ಬಗ್ದಾದಿಗೂ ಇಲ್ಲ. ಆನೆ ಕೊಟ್ಟರು, ವಿದ್ವಾಂಸರನ್ನು ಕೊಟ್ಟರು, ಮೀನಾರು ಕೊಟ್ಟರು. ಇಲ್ತುಮಿಷ್ ಏಕೆ ತನ್ನ ಗಂಡುಮಕ್ಕಳನ್ನು ಬಿಟ್ಟು ರಜಿಯಾಳನ್ನು ಆರಿಸಿದ ಎಂದು ಕೇಳುವ ಒಂದು ಸಣ್ಣ ದೃಶ್ಯವನ್ನೂ ಕೊಡಲಿಲ್ಲ.

ಹೋಲಿಸಲು ದೂರ ಹೋಗಬೇಕಾಗಿಲ್ಲ. 1999ರ ಹಳೆಯ ಆಟದಲ್ಲೇ ಸಲಾಹುದ್ದೀನನ ಕಥೆಯಿತ್ತು. ಅದನ್ನು ಹೇಳುವವನು ಶಿಲುಬೆ ಯುದ್ಧಕ್ಕೆಂದು ಯುರೋಪಿನಿಂದ ಬಂದು ಅರಬರ ಕೈಸೆರೆಯಾದ ಒಬ್ಬ ಯೋಧ. ಅನಾಗರಿಕರನ್ನು ಕೊಲ್ಲಲು ಬಂದವನು ಅವರ ನಡುವೆ ಬದುಕುತ್ತ ತನ್ನ ಕಡೆಯವರ ನಡತೆಯನ್ನೇ ಅನುಮಾನಿಸತೊಡಗುತ್ತಾನೆ. ಆಡುವ ಹುಡುಗ ಶಿವಮೊಗ್ಗದವನಾಗಿರಲಿ, ಟೆಕ್ಸಾಸಿನವನಾಗಿರಲಿ, ಜೆರುಸಲೇಮಿನ ಗೋಡೆಯನ್ನು ಸಲಾಹುದ್ದೀನನ ಕಡೆಯಿಂದಲೇ ನೋಡಬೇಕಿತ್ತು. ಇದು 2001ರ ಸೆಪ್ಟೆಂಬರಿಗೆ ಎರಡು ವರ್ಷ ಮೊದಲಿನ ಮಾತು. ಆಮೇಲಿನ ಬಂದೂಕಿನ ಆಟಗಳಲ್ಲಿ ಅರಬ ಎಂದರೆ ಗುರಿಯಿಟ್ಟು ಹೊಡೆಯುವ ಬೊಂಬೆಯಾದ. 2007ರ ‘ಕಾಲ್ ಆಫ್ ಡ್ಯೂಟಿ 4’ ಆಟದಲ್ಲಿ ಅವನ ದೇಶಕ್ಕೆ ಒಂದು ಹೆಸರನ್ನೂ ಇಡಲಿಲ್ಲ.

ಇನ್ನೂ ತಮಾಷೆಯ ಸಂಗತಿಯೆಂದರೆ ಮಗನಿಗಿಂತ ಅಪ್ಪನೇ ಚುರುಕಾಗಿದ್ದಾನೆ. ಹೊಸದು ಬಂದ ಆರೇ ತಿಂಗಳಿಗೆ, 2022ರ ಏಪ್ರಿಲ್‌ನಲ್ಲಿ, ಹಳೆಯ ಎರಡನೆಯ ಆಟಕ್ಕೆ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಹೆಚ್ಚುವರಿ ಭಾಗ ಬಂತು. ಅದುವರೆಗೆ ಒಂದೇ ಮುದ್ದೆಯಾಗಿದ್ದ ‘ಇಂಡಿಯನ್ಸ್’ ಹಿಂದೂಸ್ತಾನಿಗಳಾದರು, ಗುರ್ಜರರು, ಬಂಗಾಳಿಗಳು, ದ್ರಾವಿಡರು ಹೊಸದಾಗಿ ಸೇರಿದರು. ಜತೆಗೆ ರಾಜೇಂದ್ರ ಚೋಳನ ಕಥೆ, ಬಾಬರನ ಕಥೆ. ಬಾಬರನ ಹೆಸರೆತ್ತಿದರೆ ನಮ್ಮಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಹೆಸರಿನವನಿಗೆ ಫರ್ಗಾನಾದಲ್ಲಿ ಒಂದು ಮನೆಯಿತ್ತು, ಅದನ್ನು ಕಳೆದುಕೊಂಡ ಹುಡುಗ ಅವನು ಎಂದು ಹೇಳಲು ಇಪ್ಪತ್ತೆರಡು ವರ್ಷ ಹಳೆಯ ಆಟವೇ ಬೇಕಾಯಿತು.

ನಾಲ್ಕನೆಯದು ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. 2023ರ ನವೆಂಬರ್‌ನಲ್ಲಿ ‘ದ ಸುಲ್ತಾನ್ಸ್ ಅಸೆಂಡ್’ ಎಂಬ ಭಾಗ ಬಂದು, ಅಯ್ಯೂಬಿಗಳನ್ನು ಸೇರಿಸಿ, ಶಿಲುಬೆ ಯುದ್ಧಗಳನ್ನು ಮುಸ್ಲಿಂ ಪಡೆಗಳ ಕಡೆಯಿಂದ ಆಡಿಸಿತು. 2025ರಲ್ಲಿ ತುಘಲಕ್ ವಂಶವೂ ಒಂದು ಪ್ರತ್ಯೇಕ ಪಡೆಯಾಗಿ ಬಂತು. ತುಘಲಕ್ ಎಂದೊಡನೆ ನಮ್ಮ ಕಿವಿ ನಿಮಿರಿತು. ನೀನಾಸಂ ಇರುವ ಹೆಗ್ಗೋಡು ಸಾಗರದಿಂದ ಎಷ್ಟು ದೂರ? ಈ ಸೀಮೆಯ ಜನರಿಗೆ ನಾಟಕ ನೋಡುವುದು ಕಲಿಯಬೇಕಾದ ಚಟವಲ್ಲ. ಗಿರೀಶ ಕಾರ್ನಾಡರ 1964ರ ‘ತುಘಲಕ್’ ನಾಟಕದಲ್ಲಿ ಸುಲ್ತಾನ ಒಬ್ಬನೇ ಚದುರಂಗದ ಮಣೆಯ ಮುಂದೆ ಕೂತಿರುವ ದೃಶ್ಯವೊಂದಿದೆ. ಅಬ್ಬಾಸಿ ಕಾಲದ ಹೆಸರಾಂತ ಆಟಗಾರ ಅಲ್-ಅದ್ಲಿಗೂ ಬಗೆಹರಿಯದ ಸಮಸ್ಯೆಯನ್ನು ತಾನು ಬಿಡಿಸಿದೆ ಎಂದು ಮಲತಾಯಿಯ ಮುಂದೆ ಹಿಗ್ಗುತ್ತಾನೆ. ಮಣೆಯ ಮೇಲೆ ಅಷ್ಟು ಜಾಣನಾದವನು ದೆಹಲಿಯ ಜನರನ್ನು ದೌಲತಾಬಾದಿಗೆ ನಡೆಸಿದಾಗ ಏನಾಯಿತೆಂದು ನಾಟಕ ಹೇಳುತ್ತದೆ. ಜನರು ಕಾಯಿಗಳಲ್ಲ ಎಂದು ತಿಳಿಯದ ಆಟಗಾರನ ದುರಂತ ಅದು. ಆಟ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಗಬೇಕು? ತುಘಲಕ್ ಎಂಬ ಹೆಸರು ಬಂತು, ಆನೆಗಳು ಬಂದವು. ಆ ಮನುಷ್ಯ ಬರಲಿಲ್ಲ.

ಹಾಗಾದರೆ ತಪ್ಪು ಯಾರದು? ಮಾಡಿದವರದ್ದೆಂದು ಬೆರಳು ತೋರಿಸುವುದು ಸುಲಭ. ಆದರೆ ಹದಿನಾರು ವರ್ಷ ಕಾದ ಅಭಿಮಾನಿಗಳು, ನಾವೂ ಸೇರಿದಂತೆ, ಕೇಳಿದ್ದೇನು? ಕುದುರೆಯ ಓಟ ಸರಿಯಿರಬೇಕು, ಆನೆಗೆ ಇಷ್ಟು ಬಲ ಇರಬೇಕು, ಹತ್ತು ನಿಮಿಷದೊಳಗೆ ಮೂರನೆಯ ಯುಗ ಮುಟ್ಟುವಂತಿರಬೇಕು. ಕೇಳಿದ್ದು ಸಿಕ್ಕಿದೆ. ಕೇಳಿದ್ದೇ ಸಣ್ಣದು ಎಂಬುದು ನಮ್ಮ ತಕರಾರು.

ಇದು ನಮಗೆ ಹೊಳೆದದ್ದು ಹೊಸನಗರ ತಾಲೂಕಿನ ನಗರದಲ್ಲಿ. ಹಳೆಯ ಆಟದಲ್ಲಿ ನಾವೇ ನಕ್ಷೆ ಬಿಡಿಸಿ ಯುದ್ಧ ಹೂಡುವ ಒಂದು ಸೌಲಭ್ಯವಿತ್ತು. ಬಿದನೂರಿನ ಮುತ್ತಿಗೆಯನ್ನು ಅದರಲ್ಲಿ ಮಾಡಬೇಕೆಂದು ಹಟ ಹಿಡಿದು, ಬಸ್ಸು ಹತ್ತಿ ಹೋಗಿ, ಕೋಟೆಯ ಸುತ್ತ ನಡೆದು ಅಳತೆ ಬರೆದುಕೊಳ್ಳುತ್ತಿದ್ದೆವು. ಕೋಟೆಯ ಬಳಿ ದನ ಹೊಡೆದುಕೊಂಡು ಬಂದ ವಯಸ್ಸಾದವರೊಬ್ಬರು ಏನು ಬರೆಯುತ್ತಿದ್ದೀರೆಂದು ಕೇಳಿದರು. ಹೇಳಿದೆವು. ‘ಅಲ್ಲ ಸಾಬ್ರೇ, ಈ ಬಾಗ್ಲು ಹೊರಗಿಂದ ಯಾರು ಒಡೆದದ್ದು? ಒಳಗಿನ ದಾರಿ ಗೊತ್ತಿದ್ದವ ಹೇಳಿಕೊಟ್ಟ, ಮುಗೀತು’ ಎಂದು ನಕ್ಕು ದನದ ಹಿಂದೆ ಹೋದರು.

ಅವರ ಮಾತು ಸುಳ್ಳಲ್ಲ. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿ ಬದಲಿಸುತ್ತ ಬಂದ ನಾಯಕರ ರಕ್ಷಣೆ ಗೋಡೆಗಿಂತ ಹೆಚ್ಚಾಗಿ ಕಾಡಿನದು, ಮಳೆಯದು. 1763ರಲ್ಲಿ ಹೈದರಾಲಿ ಬಂದದ್ದು ತಾನೇ ಸತ್ತುಹೋದನೆನ್ನಲಾದ ಅರಸ ಎಂದು ಹೇಳಿಕೊಂಡ ಚೆನ್ನಬಸವನೆಂಬವನ ಪಕ್ಷ ಹಿಡಿದು. ವಿಲ್ಕ್ಸ್ ಬರೆದಿರುವ ಪ್ರಕಾರ ಊರೊಳಗೆ ನುಗ್ಗುವ ಗುಪ್ತ ದಾರಿಯನ್ನು ತಿಳಿಸಿದವನು ಇದೇ ಸಂಸ್ಥಾನದ ಹಳೆಯ ಮಂತ್ರಿ ಲಿಂಗಣ್ಣ. ಊರು ಲೂಟಿಯಾಯಿತು, ರಾಣಿ ವೀರಮ್ಮಾಜಿ ಮಧುಗಿರಿಯ ಸೆರೆಗೆ ಹೋದಳು. ಹೈದರನನ್ನು ಸಂತನೆಂದು ನಾವು ಹೇಳುವುದಿಲ್ಲ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಗೆದ್ದ ಊರಿಗೆ ಹೈದರ್ ನಗರ ಎಂದು ಹೆಸರಿಟ್ಟ, ಟಂಕಸಾಲೆ ನಡೆಸಿದ. ಅವನ ಚಿನ್ನದ ವರಹದ ಒಂದು ಮುಖದಲ್ಲಿ ಅವನ ಹೆಸರಿನ ಮೊದಲಕ್ಷರ ‘ಹೇ’ ಅರಬಿಯಲ್ಲಿದೆ, ಇನ್ನೊಂದು ಮುಖದಲ್ಲಿ ಇಕ್ಕೇರಿ ವರಹದಲ್ಲಿದ್ದಂತೆಯೇ ಶಿವ ಪಾರ್ವತಿಯರು ಕೂತಿದ್ದಾರೆ.

ಇದನ್ನು ಆಟದೊಳಗೆ ತರಲು ಹೊರಟು ನಾವು ಸೋತೆವು. ಬಾಗಿಲು ಇಟ್ಟೆವು, ಕಾಡು ಹರಡಿದೆವು, ಆನೆ ನಿಲ್ಲಿಸಿದೆವು. ಲಿಂಗಣ್ಣನನ್ನು ಎಲ್ಲಿಡುವುದು? ಆಟದ ನಿಯಮದಂತೆ ಶತ್ರುವಿನ ಮನೆಗಳನ್ನು ಉರುಳಿಸಿದರೆ ಜಯ. ಗೆದ್ದವನು ಸೋತವನ ಟಂಕಸಾಲೆಯಲ್ಲಿ ಸೋತವನ ದೇವರನ್ನೇ ಅಚ್ಚು ಹಾಕಿಸುವುದಕ್ಕೆ ಅಲ್ಲಿ ಒಂದು ಗುಂಡಿಯೂ ಇಲ್ಲ. ನಾಲ್ಕನೆಯ ಭಾಗದಲ್ಲೂ ಗೆಲುವಿನ ಮುಖ್ಯ ದಾರಿ ಎದುರಾಳಿಯ ಸ್ಮಾರಕಗಳನ್ನು ಒಡೆಯುವುದೇ. ನಮ್ಮ ಕಾಲದಲ್ಲಿ, ನಮ್ಮ ದೇಶದಲ್ಲಿ, ಈ ನಿಯಮವನ್ನು ಆಡುತ್ತ ಕೈ ಒಂದು ಕ್ಷಣ ತಡೆಯದಿದ್ದರೆ ಹೇಗೆ?

ಒಂದು ವಿಷಯಕ್ಕೆ ನಾವು ಹೊಸ ಆಟವನ್ನು ಮನಸಾರೆ ಮೆಚ್ಚುತ್ತೇವೆ. ಅದರ ಕಥಾಸರಣಿಯ ನಡುನಡುವೆ ಇಂದಿನ ಯುರೋಪಿನ ಕೋಟೆ, ಬಯಲು, ಬೀದಿಗಳ ನಿಜವಾದ ಚಿತ್ರೀಕರಣವಿದೆ. ಅದರ ಮೇಲೆ ಹೊಂಬಣ್ಣದ ಗೆರೆಗಳಲ್ಲಿ ಅಂದಿನ ಸೈನಿಕರು ಎದ್ದು ನಡೆಯುತ್ತಾರೆ. ಅದನ್ನು ನೋಡಿದ ಮೇಲೆ ತೀರ್ಥಹಳ್ಳಿ ಕಡೆಯ ಕವಲೇದುರ್ಗಕ್ಕೆ ಹೋದರೆ ಕಣ್ಣು ಬೇರೆಯೇ ಆಗುತ್ತದೆ. ಒಂದರೊಳಗೊಂದು ಏರುವ ಆ ಕೋಟೆಸುತ್ತುಗಳಲ್ಲಿ, ಪಾಚಿ ಹಿಡಿದ ಅರಮನೆಯ ತಳಪಾಯದಲ್ಲಿ ಹೊಂಬಣ್ಣದ ಗೆರೆ ಎಳೆಯುವವರು ಯಾರೂ ಇಲ್ಲ.

ನಕ್ಷೆ ಬಿಡಿಸುವ ಸೌಲಭ್ಯ ನಾಲ್ಕನೆಯ ಆಟಕ್ಕೆ ಮೊದಲು ಇರಲಿಲ್ಲ, 2022ರಲ್ಲಿ ಬಂತು. ಹೊಸನಗರದ ಪರಿಚಯದ ಹುಡುಗನೊಬ್ಬ ಈಗ ಅದರಲ್ಲಿ ಬಿದನೂರು ಕಟ್ಟುತ್ತಿದ್ದಾನೆ. ನಾಯಕರ ಪಡೆ ಅದರಲ್ಲಿಲ್ಲದ್ದರಿಂದ ದೆಹಲಿಯವರನ್ನೇ ಎರಡೂ ಕಡೆಗೆ ನಿಲ್ಲಿಸಿದ್ದಾನಂತೆ, ಒಂದು ಕಡೆ ಕೆಂಪು, ಒಂದು ಕಡೆ ಹಸಿರು. ಮೊನ್ನೆ ಫೋನು ಮಾಡಿ ಕೇಳಿದ: ‘ಅಣ್ಣಾ, ಆ ಲಿಂಗಣ್ಣ ತೋರ್ಸಿದ ದಾರಿ ಯಾವ ಕಡೆಯಿಂದ ಬರ್ತದೆ? ಅದೊಂದು ಹಾಕ್ಲಿಕ್ಕೆ ಬಾಕಿ.’