ಸ್ಪ್ಲಿಂಟಿಗೆ ಸಲ್ಲದ ಕೀರ್ತಿ

ಬಾಯಿ ತೆರೆದರೆ ಕಿವಿಯ ಮುಂದೆ ‘ಟಕ್’ ಎನ್ನುತ್ತದೆ, ಬೆಳಗ್ಗೆ ಎದ್ದಾಗ ಕೆನ್ನೆ ಬಿಗಿದಿರುತ್ತದೆ. ಹೀಗೆಂದು ದಂತವೈದ್ಯರ ಬಳಿ ಹೋದವರಿಗೆ ಗೋವಿಂದರಾಜನಗರದಲ್ಲಾಗಲಿ ಬೆಂಗಳೂರಿನ ಬೇರೆ ಬಡಾವಣೆಯಲ್ಲಾಗಲಿ ಸಿಗುವ ಭರವಸೆ ಒಂದೇ: ಸರ್ಜರಿ ಬೇಡ, ಸ್ಪ್ಲಿಂಟ್ ಎಂಬ ತಟ್ಟೆ ಹಾಕಿದರೆ ಕಚ್ಚು (ಮೇಲಿನ, ಕೆಳಗಿನ ಹಲ್ಲು ಕೂಡುವ ರೀತಿ) ಸರಿಹೋಗುತ್ತದೆ, ನೋವೂ ಹೋಗುತ್ತದೆ. ಸರ್ಜರಿ ಬೇಡವೆಂಬುದು ಬಹುಪಾಲು ಜನರ ಮಟ್ಟಿಗೆ ನಿಜ. ಉಳಿದದ್ದಕ್ಕೆ ಪುರಾವೆ ತೀರಾ ತೆಳು.

ಕಚ್ಚು ಕೆಟ್ಟದ್ದರಿಂದಲೇ ದವಡೆಯ ಕೀಲು ಕೆಡುತ್ತದೆ ಎಂಬ ವಾದ 1934ರ, ವೈದ್ಯ ಜೇಮ್ಸ್ ಕಾಸ್ಟನ್ ಕಾಲದ್ದು. ಅದು ಇಂದಿಗೂ ಉಳಿದಿರುವುದು ಚಿಕಿತ್ಸೆಯ ಕುರ್ಚಿಯಲ್ಲಿ. ಅಚ್ಚು ತೆಗೆದು ಮಾಡಿಸಿದ ಗಟ್ಟಿ ಅಕ್ರಿಲಿಕ್ ತಟ್ಟೆಯನ್ನು ಹಲ್ಲಿಗೆ ಕೂರಿಸಿ, ನಡುವೆ ನೀಲಿ ಕಾಗದವಿಟ್ಟು ‘ಕಚ್ಚಿ’ ಎನ್ನುತ್ತಾರೆ. ದಟ್ಟವಾಗಿ ಚುಕ್ಕೆ ಮೂಡಿದಲ್ಲಿ ತಟ್ಟೆಯನ್ನು ಸವೆಸಿ, ಮತ್ತೆ ಕಚ್ಚಿಸುತ್ತಾರೆ. ಚುಕ್ಕೆಗಳು ಸಮನಾದರೆ ತಟ್ಟೆ ಸರಿಯಾಗಿ ಕೂತಿದೆ ಎಂದಷ್ಟೇ ಅರ್ಥ. ನೋವಿನ ಮೂಲ ಸಿಕ್ಕಿತೆಂದಲ್ಲ. 1972ರಲ್ಲಿ ದಂತ ಸಂಶೋಧಕರಾದ ಗ್ರೀನ್ ಮತ್ತು ಲಾಸ್ಕಿನ್ ಅಂಗುಳನ್ನಷ್ಟೇ ಮುಚ್ಚುವ, ಹಲ್ಲುಗಳ ನಡುವೆ ಬಾರದ ತಟ್ಟೆ ಕೊಟ್ಟು ನೋಡಿದರು. ಹತ್ತರಲ್ಲಿ ಸುಮಾರು ನಾಲ್ವರಿಗೆ ಆರಾಮವಾಯಿತು. ಹಲ್ಲು ಪೂರ್ತಿ ಮುಚ್ಚುವ ತಟ್ಟೆಗೆ ಇನ್ನೂ ಹೆಚ್ಚು ಫಲ ಬಂತು, ಒಪ್ಪೋಣ. ಆದರೆ 1976ರಲ್ಲಿ ಅವರ ತಂಡ ಕಚ್ಚು ತಿದ್ದಲು ಹಲ್ಲು ಸವೆಸಿದಂತೆ ನಟಿಸಿತಷ್ಟೆ. 25 ರೋಗಿಗಳಲ್ಲಿ 16 ಜನರ ನೋವು ಬಹುತೇಕ ಹೋಯಿತು. ಕಚ್ಚನ್ನು ಮುಟ್ಟದೆಯೇ ಇಷ್ಟು ಜನ ಚೇತರಿಸಿಕೊಂಡ ಮೇಲೆ ‘ಕಚ್ಚು ತಿದ್ದಿದ್ದರಿಂದ ವಾಸಿಯಾಯಿತು’ ಎಂದು ಹೇಳುವುದು ಹೇಗೆ?

2023ರ ಡಿಸೆಂಬರಿನಲ್ಲಿ ವೈದ್ಯಕೀಯ ಪತ್ರಿಕೆ ಬಿಎಂಜೆ ಪ್ರಕಟಿಸಿದ ಮಾರ್ಗಸೂಚಿ, ದೀರ್ಘಕಾಲದ ದವಡೆ ನೋವಿಗೆ ಮೇಲ್ವಿಚಾರಣೆಯ ದವಡೆ ವ್ಯಾಯಾಮ, ಕೈಯಿಂದ ಕೀಲು ಸಡಿಲಿಸುವುದು, ಅರಿವಿನ ವರ್ತನಾ ಚಿಕಿತ್ಸೆ ಇವನ್ನು ಬಲವಾಗಿ ಶಿಫಾರಸು ಮಾಡಿತು. ಹಾಕಿ ತೆಗೆಯಬಹುದಾದ ಸಾಮಾನ್ಯ ಸ್ಪ್ಲಿಂಟನ್ನು ಷರತ್ತಿನೊಂದಿಗೆ ಬೇಡವೆಂದಿತು; ಕಚ್ಚನ್ನು ಶಾಶ್ವತವಾಗಿ ಬದಲಿಸುವಂಥದ್ದನ್ನು ಖಡಾಖಂಡಿತ ಬೇಡವೆಂದಿತು. ಬಗೆಬಗೆಯ ಸ್ಪ್ಲಿಂಟ್‌ಗಳನ್ನು ಒಂದೇ ಗಂಟಿಗೆ ಕಟ್ಟಿದ್ದಾರೆಂಬುದು ಸ್ಪ್ಲಿಂಟ್ ಪರರ ಆಕ್ಷೇಪ. ಹಾಗಿದ್ದರೆ ಯಾವ ತಟ್ಟೆ, ಯಾವ ರೋಗಿಗೆ, ಎಷ್ಟು ತಿಂಗಳಲ್ಲಿ ಗುಣ ಕೊಡುತ್ತದೆಂದು ಬಿಡಿಸಿ ತೋರಿಸುವ ಹೊಣೆ ಅವರದೇ. ‘ನಮ್ಮ ರೋಗಿಗಳು ಸುಖವಾಗಿದ್ದಾರೆ’ ಎಂಬುದು ಉತ್ತರವಲ್ಲ. 1976ರ ಆ 16 ಮಂದಿಯೂ ಸುಖವಾಗಿದ್ದರು.

ತಟ್ಟೆ ತಟ್ಟೆಗಳ ನಡುವಿನ ಈ ಭೇದ ಬರೀ ಪುಸ್ತಕದ ಚರ್ಚೆಯಲ್ಲ. ಹಿಂದಿನ ಹಲ್ಲುಗಳನ್ನಷ್ಟೇ ಮುಚ್ಚುವ ಉಪಕರಣವನ್ನು ಹಗಲೂ ರಾತ್ರಿ ತಿಂಗಳುಗಟ್ಟಲೆ ಹಾಕಿಕೊಂಡರೆ ಆ ಹಲ್ಲುಗಳು ದವಡೆಯೊಳಕ್ಕೆ ಕುಸಿಯಬಹುದು. ಆಮೇಲೆ ಅದನ್ನು ತೆಗೆದರೆ ಅನ್ನ ಅಗಿಯಲೂ ಅವು ಒಂದಕ್ಕೊಂದು ತಾಕುವುದಿಲ್ಲ. ಆಗ ಬ್ರೇಸಸ್, ಕ್ಯಾಪ್ ಎಂದು ಇನ್ನೊಂದು ಚಿಕಿತ್ಸೆ ಶುರುವಾಗುತ್ತದೆ.

ರಾತ್ರಿ ಹಲ್ಲು ಕಡಿಯುವವರ ಹಲ್ಲು ಸವೆಯದಂತೆ ಕಾಯಲು ಪೂರ್ತಿ ಮುಚ್ಚುವ ಗಟ್ಟಿ ತಟ್ಟೆ ಒಳ್ಳೆಯದೇ. ಮಲಗುವಾಗ ಮಾತ್ರ, ಆಗಾಗ ತಪಾಸಣೆಯೊಂದಿಗೆ. ನೋವಿಗೆಂದು ಬಂದವರ ಚೀಟಿಯಲ್ಲಿ ಮಾತ್ರ ಮೆತ್ತಗಿನ ಊಟ, ಬಿಸಿ ಶಾಖ, ದವಡೆಯ ವ್ಯಾಯಾಮ, ಫಿಸಿಯೋಥೆರಪಿ ಮೊದಲು ಬರಬೇಕು. ಅಚ್ಚು ತೆಗೆಯುವ ಮಾತು ಆಮೇಲೆ.